ದುಬಾರಿ ಹೆಡ್‌ಫೋನ್: ಅಂಗಡಿಯಲ್ಲಿ ಕೊಂಡದ್ದು, ಆನ್‌ಲೈನ್‌ನಲ್ಲಿ ತರಿಸಿದ್ದು

ಕಳೆದ ಮೂರು ವರ್ಷಗಳಲ್ಲಿ ನಾನು ಎರಡು ದುಬಾರಿ ಹೆಡ್‌ಫೋನ್‌ಗಳನ್ನು ಕೊಂಡಿದ್ದೇನೆ. ಮೊದಲನೆಯದನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ಎರಡನೆಯದಾದ ಸೆನ್‌ಹೈಸರ್ ಎಚ್‌ಡಿ 600 ಅನ್ನು ದಕ್ಷಿಣ ಬೆಂಗಳೂರಿನ ಒಂದು ಅಂಗಡಿಗೆ ಮೂರು ಸಲ ಹೋಗಿ, ಕೇಳಿ ನೋಡಿ ಕೊಂಡೆ. ದುಬಾರಿ ಎಂದರೆ ಇಲ್ಲಿ ಇಪ್ಪತ್ತು ಸಾವಿರ ರೂಪಾಯಿಗೆ ಮೇಲ್ಪಟ್ಟದ್ದು ಎಂದಷ್ಟೇ ಅರ್ಥ. ಲಕ್ಷ ದಾಟುವ ಹೆಡ್‌ಫೋನ್‌ಗಳೂ ಇವೆ, ಆದರೆ ಅವು ನನ್ನ ಸಂಬಳದ ಮಾತಲ್ಲ.

ಅಂಗಡಿಯಲ್ಲಿ ಕೇಳಿ ಕೊಳ್ಳುವುದೇ ಸರಿ ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ನಾನೂ ಅದನ್ನು ನಂಬಿದ್ದೆ. ಆದರೆ ಕೇಳುವ ಅವಕಾಶ ಸಿಗುವುದೇ ಮೊದಲ ಕಷ್ಟ. ಮಾಲ್‌ಗಳ ದೊಡ್ಡ ಮಳಿಗೆಗಳಲ್ಲಿ ನಾನು ಕಂಡದ್ದು ಬಹುಮಟ್ಟಿಗೆ ಬ್ಲೂಟೂತ್‌ನವು, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ ಅಲೆದಾಗ ಕೇಬಲ್, ಪಿನ್, ರಿಪೇರಿಯವರು ಧಾರಾಳವಾಗಿ ಸಿಕ್ಕರೇ ಹೊರತು, ಎಚ್‌ಡಿ 600ರಂತೆ ತಂತಿಯಿರುವ, 300 ಓಮ್‌ನ (ಓಮ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಹೆಡ್‌ಫೋನನ್ನು ಆಂಪ್ಲಿಫೈಯರ್‌ಗೆ ಜೋಡಿಸಿ ಕೈಗೆ ಕೊಡುವವರು ಸಿಗಲಿಲ್ಲ. ಕೊನೆಗೆ ಸ್ನೇಹಿತರೊಬ್ಬರು ಹೇಳಿದ ಅಂಗಡಿಯಲ್ಲಿ ಆ ಅನುಕೂಲವಿತ್ತು. ಶಿವಮೊಗ್ಗದಲ್ಲಿರುವ ನಮ್ಮ ಭಾವನವರಿಗೆ ಊರಿನಲ್ಲಿ ಅಂಥ ಅಂಗಡಿಯೇ ಸಿಗಲಿಲ್ಲವಾದ್ದರಿಂದ ಅವರ ಮಟ್ಟಿಗೆ ಈ ಹೋಲಿಕೆ ಶುರುವಾಗುವ ಮೊದಲೇ ಮುಗಿದಿತ್ತು.

ಮೊದಲ ಸಲ ನಾನು ಹೋದದ್ದು ಒಂದು ಶನಿವಾರ ಸಂಜೆ, ಅದೇ ತಪ್ಪಾಯಿತು. ಎಚ್‌ಡಿ 600 ಓಪನ್‌ಬ್ಯಾಕ್ ಮಾದರಿಯದು: ಕಿವಿಯನ್ನು ಮುಚ್ಚುವ ಅದರ ಕಪ್‌ಗಳ ಹಿಂಬದಿ ಜಾಲರಿ. ಒಳಗಿನ ಸದ್ದು ಹೇಗೆ ಹೊರಗೆ ಹೋಗುತ್ತದೆಯೋ ಹಾಗೆಯೇ ಹೊರಗಿನ ಸದ್ದೂ ಒಳಗೆ ಬರುತ್ತದೆ. ಹವಾನಿಯಂತ್ರಕದ ಗುಂಯ್‌ಗುಡುವಿಕೆ, ಪಕ್ಕದಲ್ಲಿ ಟಿ.ವಿ.ಯ ಬೆಲೆ ಚೌಕಾಸಿ ಮಾಡುತ್ತಿದ್ದ ಕುಟುಂಬ, ರಸ್ತೆಯ ಹಾರ್ನ್‌ಗಳು, ಇವೆಲ್ಲದರ ನಡುವೆ ತಂಬೂರಿಯ ನಾದ ಮೆಲ್ಲಗೆ ಕರಗುವುದನ್ನು ಗುರುತಿಸಲು ಆಗಲಿಲ್ಲ. ಇಂಥ ಹೆಡ್‌ಫೋನಿಗೆ ಹಣ ಕೊಡುವುದೇ ಆ ಸೂಕ್ಷ್ಮಕ್ಕಾಗಿ. ಬೆಲೆಯ ಮುಖ್ಯ ಕಾರಣವನ್ನೇ ಪರೀಕ್ಷಿಸಲಾಗದ ಪರೀಕ್ಷೆ ಅದು.

ಎರಡನೆಯ ಸಲ ವಾರದ ನಡುವೆ, ಬೆಳಗ್ಗೆ ಅಂಗಡಿ ತೆರೆದ ಹೊತ್ತಿಗೇ ಹೋದೆ. ಅಂಗಡಿಯ ಹುಡುಗ ಒಂದೇ ಆಂಪ್ಲಿಫೈಯರ್‌ಗೆ ಒಂದಾದ ಮೇಲೊಂದರಂತೆ ಮೂರು ಹೆಡ್‌ಫೋನ್‌ಗಳನ್ನು ಜೋಡಿಸಿ ಕೊಟ್ಟ, ಆದರೆ ವಾಲ್ಯೂಮ್ ಗುಂಡಿಯನ್ನು ಮುಟ್ಟಲಿಲ್ಲ. 32 ಓಮ್‌ನ ಅಗ್ಗದ ಮಾದರಿಯೇ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸಿತು! ಸ್ವಲ್ಪ ಯೋಚಿಸಿದ ಮೇಲೆ ಕಾರಣ ಹೊಳೆಯಿತು. ವೋಲ್ಟೇಜ್ ಒಂದೇ ಇದ್ದಾಗ 300 ಓಮ್‌ಗೆ ಸಿಗುವ ವಿದ್ಯುತ್ ಶಕ್ತಿ 32 ಓಮ್‌ಗೆ ಸಿಗುವುದರ ಸುಮಾರು ಒಂಬತ್ತನೆಯ ಒಂದು ಭಾಗ. ಹೀಗಾಗಿ ಎಚ್‌ಡಿ 600 ಮೆಲ್ಲಗೆ ನುಡಿಯುತ್ತಿತ್ತು, ಮತ್ತು ಸ್ವಲ್ಪವೇ ಜೋರಾಗಿ ಕೇಳಿದ್ದನ್ನು ಹೆಚ್ಚು ಚೆನ್ನಾಗಿದೆ ಎಂದು ನಂಬಿಬಿಡುವುದು ನಮ್ಮ ಕಿವಿಯ ಹಳೆಯ ಚಾಳಿ. ಗುಂಡಿ ತಿರುಗಿಸಿ ಎರಡರ ಜೋರನ್ನೂ ಸರಿಸುಮಾರು ಒಂದು ಮಾಡಿಕೊಂಡು ಕೇಳಿದಾಗ ನನ್ನ ತೀರ್ಪು ತಲೆಕೆಳಗಾಯಿತು: ಮೃದಂಗದ ಎಡಗಡೆಯ ಗುಮುಕಿ (ಗುಂ ಎಂದು ಜಾರುವ ನಾದ) ಅಗ್ಗದ್ದರಲ್ಲಿ ದಪ್ಪಗೆ ಹರಡಿಕೊಂಡರೆ, ಎಚ್‌ಡಿ 600ರಲ್ಲಿ ಅದರ ಆಕಾರ ತಿಳಿಯುತ್ತಿತ್ತು. ಅಂಗಡಿಯ ಆಂಪ್ಲಿಫೈಯರ್ ಹೆಡ್‌ಫೋನಿಗಿಂತಲೂ ದುಬಾರಿಯದು ಎಂಬುದನ್ನು ಮಾತ್ರ ಯಾರೂ ತಾವಾಗಿ ಹೇಳಲಿಲ್ಲ. ಮೂರನೆಯ ಸಲ ನನ್ನ ಫೋನನ್ನೂ ಮನೆಯ ಸಣ್ಣ ಆಂಪ್ಲಿಫೈಯರನ್ನೂ ಚೀಲದಲ್ಲಿ ಹಾಕಿಕೊಂಡೇ ಹೋದೆ.

ಹಾಗಾದರೆ ಅಂಗಡಿ ನನಗೆ ಕೊಟ್ಟದ್ದೇನು? ಸದ್ದಿನ ವಿಷಯದಲ್ಲಿ ಅಷ್ಟೇನೂ ಅಲ್ಲ. ತಲೆಯ ವಿಷಯದಲ್ಲಿ ಬಹಳ. ನಾನು ಕನ್ನಡಕ ಹಾಕುವವನು. ಎಚ್‌ಡಿ 600ರ ಹಿಡಿತ ಹೊಸದರಲ್ಲಿ ಬಿಗಿಯಾಗಿರುತ್ತದೆ ಎಂಬುದನ್ನು ಎಲ್ಲ ವಿಮರ್ಶೆಗಳೂ ಹೇಳುತ್ತವೆ. ಆದರೆ ಆ ಬಿಗಿ ನನ್ನ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲ್ಭಾಗಕ್ಕೆ ಎಷ್ಟು ಒತ್ತುತ್ತದೆ, ಎಷ್ಟು ಹೊತ್ತಿನ ಮೇಲೆ ನೋಯತೊಡಗುತ್ತದೆ ಎಂಬುದನ್ನು ಯಾವ ವಿಮರ್ಶೆಯೂ ಹೇಳಲಾರದು. ಮುಕ್ಕಾಲು ಗಂಟೆ ಹಾಕಿಕೊಂಡೇ ಕುಳಿತೆ. ತೆಳು ಕಡ್ಡಿಯ ಕನ್ನಡಕವಾದರೆ ತೊಂದರೆಯಿಲ್ಲ, ದಪ್ಪ ಕಡ್ಡಿಯದಾದರೆ ಅರ್ಧ ಗಂಟೆಗೇ ತೆಗೆದಿಡಬೇಕು ಎಂದು ತಿಳಿಯಿತು. ಅದರ ತೂಕ 260 ಗ್ರಾಂ ಎಂದು ಓದುವುದೇ ಬೇರೆ, ಅದನ್ನು ಹೊತ್ತು ಕೂರುವುದೇ ಬೇರೆ.

ಆನ್‌ಲೈನ್‌ನಲ್ಲಿ ತರಿಸಿದ ಹೆಡ್‌ಫೋನಿನದು ಇದಕ್ಕೆ ತದ್ವಿರುದ್ಧ. ರಾತ್ರಿ ಹನ್ನೊಂದರ ಮೇಲೆ, ಫ್ಯಾನನ್ನೂ ನಿಲ್ಲಿಸಿ, ನನ್ನದೇ ಫೋನು, ನನ್ನದೇ ಆಂಪ್ಲಿಫೈಯರ್, ಇಪ್ಪತ್ತು ವರ್ಷದಿಂದ ಕೇಳಿ ಮೈಗೂಡಿದ ಕಛೇರಿಗಳ ಧ್ವನಿಮುದ್ರಣ. ಹೆಡ್‌ಫೋನನ್ನು ನಿಜವಾಗಿ ಅಳೆಯಲು ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ಆದರೆ ಅಳೆದು ಬೇಡವೆನಿಸಿದರೆ ಮರಳಿಸುವ ದಾರಿ ಇರಲಿಲ್ಲ. ಉತ್ಪನ್ನದ ಪುಟದಲ್ಲಿ ಏಳು ದಿನ ಎಂದು ದಪ್ಪಕ್ಷರದಲ್ಲಿತ್ತು. ಅದು ದೋಷವಿದ್ದರೆ ಬದಲಿಸಿಕೊಡುವುದಕ್ಕೆ ಮಾತ್ರ, ಇಷ್ಟವಾಗದಿದ್ದರೆ ಹಣ ವಾಪಸು ಮಾಡುವುದಕ್ಕಲ್ಲ ಎಂಬುದು ಸಣ್ಣಕ್ಷರದಲ್ಲಿತ್ತು.

ನನಗೆ ಬಂದದ್ದರಲ್ಲಿ ದೋಷವೇ ಇತ್ತು. ಬಲಗಡೆಯ ಸದ್ದು ಎಡಗಡೆಗಿಂತ ತುಸು ಕಡಿಮೆ. ಗಾಯಕರು ವೇದಿಕೆಯ ನಡುವೆ ಕೂರದೆ ಎಡಗಡೆಗೆ ಸರಿದಂತೆ ಕೇಳುತ್ತಿತ್ತು. ಪೆಟ್ಟಿಗೆ ತೆರೆಯುವಾಗಿನ ವಿಡಿಯೊ ನನ್ನಲ್ಲಿತ್ತಾದರೂ ಅವರು ದೋಷದ ವಿಡಿಯೊ ಕೇಳಿದರು. ಒಂದು ಕಿವಿಗೆ ಸದ್ದು ಕಡಿಮೆ ಎಂಬುದನ್ನು ವಿಡಿಯೊದಲ್ಲಿ ತೋರಿಸುವುದಾದರೂ ಹೇಗೆ? ಫೋನಿನ ಮೈಕನ್ನು ಒಂದೊಂದೇ ಕಪ್‌ನೊಳಗಿಟ್ಟು, ಎರಡಕ್ಕೂ ಒಂದೇ ಸ್ವರವನ್ನು ನುಡಿಸಿ, ಅಳೆಯುವ ಆ್ಯಪ್‌ನ ಅಂಕಿಗಳನ್ನು ಚಿತ್ರಿಸಿ ಕಳಿಸಿದೆ. ಹದಿನಾರು ದಿನಗಳ ನಂತರ ಬೇರೊಂದು ಬಂತು, ಅದು ಸರಿಯಾಗಿತ್ತು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಈ ಲೆಕ್ಕದಲ್ಲಿ ಅವರದು ತಪ್ಪಲ್ಲ. ನನ್ನ ಆ ಹದಿನಾರು ದಿನಗಳಿಗೆ ಮಾತ್ರ ಲೆಕ್ಕವಿಲ್ಲ.

ಅದೇ ನಿಯಮಗಳು ಮಾರಾಟಗಾರರ ಹೆಸರು ಮತ್ತು ವಿಳಾಸವನ್ನೂ, ವಸ್ತು ಯಾವ ದೇಶದ್ದೆಂಬುದನ್ನೂ ತೋರಿಸಬೇಕೆನ್ನುತ್ತವೆ. ಮೊದಲು ಇದನ್ನು ನಾನು ಓದುತ್ತಲೇ ಇರಲಿಲ್ಲ, ಈಗ ಬೆಲೆಗಿಂತ ಮೊದಲು ಅದನ್ನೇ ಓದುತ್ತೇನೆ. ದೊಡ್ಡ ಜಾಲತಾಣದಲ್ಲಿ ಕೊಂಡೆವೆಂದರೂ ಮಾರಿದವರು ಇನ್ಯಾರೋ ಇರಬಹುದು. ಅವರು ಕಂಪನಿಯ ಅಧಿಕೃತ ಮಾರಾಟಗಾರರಲ್ಲದಿದ್ದರೆ ವಾರಂಟಿಯ ಮಾತೆತ್ತಿದಾಗ ತಕರಾರು ಏಳುತ್ತದೆ. ಪೆಟ್ಟಿಗೆಯ ಮೇಲೆ ಆಮದುದಾರರ ಹೆಸರು ಮತ್ತು ಗರಿಷ್ಠ ಮಾರಾಟ ಬೆಲೆ ಇರುವ ಚೀಟಿಯನ್ನು ಹುಡುಕುವುದೂ ಆಗಿನಿಂದ ರೂಢಿಯಾಗಿದೆ. ಅಂಗಡಿಯಲ್ಲೂ ಇದನ್ನು ಹುಡುಕಲೇಬೇಕು. ಇನ್ನೊಂದು ಅಂಗಡಿಯವರು ‘ಬಿಲ್ ಬೇಡ ಅಂದ್ರೆ ಇನ್ನೂ ಕಮ್ಮಿ ಮಾಡ್ಕೊಡ್ತೀನಿ ಸಾರ್’ ಎಂದಿದ್ದರು. ಶೇ. 18ರ ಜಿಎಸ್‌ಟಿ ಉಳಿಸುವ ಆಸೆಗೆ ಬಿಲ್ಲನ್ನೂ ಅದರ ಜೊತೆಗೆ ವಾರಂಟಿಯನ್ನೂ ಬಿಟ್ಟುಕೊಡುವ ವ್ಯವಹಾರವದು.

ಬೆಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಚ್‌ಡಿ 600 ಆ ವಾರ ಆನ್‌ಲೈನ್‌ನಲ್ಲಿ ಮೂರು ಸಾವಿರ ಕಡಿಮೆಗೆ ಸಿಗುತ್ತಿತ್ತು. ಆ ಪುಟವನ್ನು ತೋರಿಸಿದ ಮೇಲೆ ಅಂಗಡಿಯವರು ಅರ್ಧ ಅಂತರವನ್ನು ಬಿಟ್ಟುಕೊಟ್ಟರು. ಅಂಗಡಿಯಲ್ಲಿ ಗಂಟೆಗಟ್ಟಲೆ ಕೇಳಿ, ಹೊರಗೆ ಬಂದು ಫೋನಿನಲ್ಲಿ ಆರ್ಡರ್ ಮಾಡುವ ಯೋಚನೆ ನನಗೂ ಬಂದಿತ್ತು. ಮೂರು ಸಲ ಕೂರಿಸಿ, ಒಮ್ಮೆ ಕಾಫಿಯನ್ನೂ ತರಿಸಿಕೊಟ್ಟವರ ಮುಖ ನೋಡಿ ಮನಸ್ಸಾಗಲಿಲ್ಲ. ಉಳಿದ ಒಂದೂವರೆ ಸಾವಿರವನ್ನು ಆ ಮುಕ್ಕಾಲು ಗಂಟೆಯ ಬಾಡಿಗೆಯೆಂದುಕೊಂಡೆ.

ಇನ್ನೊಮ್ಮೆ ಕೊಳ್ಳುವುದಾದರೆ, ಹಿಂದೆ ಹಾಕಿಕೊಂಡು ನೋಡಿರದ ಮಾದರಿಯನ್ನು ಅಂಗಡಿಯಲ್ಲೇ ಕೊಳ್ಳುತ್ತೇನೆ. ಸದ್ದಿಗಾಗಿ ಅಲ್ಲ, ತಲೆಗೂ ಕನ್ನಡಕಕ್ಕೂ ಹೊಂದುತ್ತದೆಯೇ ಎಂದು ನೋಡಲು. ಈಗಾಗಲೇ ಬಳಸಿ ಗೊತ್ತಿರುವ ಮಾದರಿಯಾದರೆ ಅಧಿಕೃತ ಮಾರಾಟಗಾರರಿಂದ ಆನ್‌ಲೈನ್‌ನಲ್ಲೇ ತರಿಸುತ್ತೇನೆ. ಹೊರಗಿನ ಸದ್ದನ್ನು ತಡೆಯುವ ಬ್ಲೂಟೂತ್ ಹೆಡ್‌ಫೋನಿಗಾದರೆ ಶನಿವಾರ ಸಂಜೆಯ ಅದೇ ಗದ್ದಲದ ಅಂಗಡಿ ಒಳ್ಳೆಯ ಪರೀಕ್ಷಾಸ್ಥಳ.

ಎಚ್‌ಡಿ 600ರ ಕೇಬಲ್ಲು, ಕಿವಿಯ ಮೆತ್ತೆ ಎಲ್ಲವನ್ನೂ ಬಿಚ್ಚಿ ಬದಲಿಸಬಹುದು. ಎರಡು ವರ್ಷಕ್ಕೆ ಮೆತ್ತೆಗಳು ಚಪ್ಪಟೆಯಾದವು. ಆನ್‌ಲೈನ್‌ನಲ್ಲಿ ಮರುದಿನವೇ ಬಂದ ಜೋಡಿ ನಕಲಿಯಾಗಿತ್ತು. ಸ್ಪಂಜು ಗಟ್ಟಿ, ಸದ್ದೂ ಬೇರೆ. ಅಂಗಡಿಯವರು ಅಸಲಿಯನ್ನು ತರಿಸಿಕೊಡಲು ಮೂರು ವಾರ ತೆಗೆದುಕೊಂಡರು. ಅಷ್ಟು ದಿನ ಹಳೆಯ ಮೆತ್ತೆಯಲ್ಲೇ ಕೇಳಿದೆ.