ಮಲೆನಾಡಿನ ಮಳೆಗೆ ಯಾವ ತೋಟೆ? ಹನ್ನೆರಡು ಬೋರಿನ ಕೋವಿ ಇಟ್ಟುಕೊಂಡವನ ಅನುಭವ

ಶಿವಮೊಗ್ಗದಲ್ಲಿ ತೋಟೆ, ಅಂದರೆ ಕೋವಿಗೆ ತುಂಬುವ ಕಾರ್ಟ್ರಿಡ್ಜ್, ಕೊಳ್ಳಲು ಹೋದರೆ ಮೊದಲು ಕಿವಿಗೆ ಬೀಳುವ ಮಾತು ಪವರ್. "ಗೌಡ್ರೇ, 70 ಮಿಲಿಮೀಟರಿನದು ತಗೊಳ್ಳಿ, ಏಟು ಜೋರು" ಅಂತಾರೆ. ನನ್ನ ಕೇಳಿದರೆ ತೀರ್ಥಹಳ್ಳಿ, ಆಗುಂಬೆ ಕಡೆಯವರು ಕೊನೆಗೆ ನೋಡಬೇಕಾದದ್ದು ಅದು. ಮೊದಲು ನಿಮ್ಮ ಕೋವಿಯ ಚೇಂಬರ್, ಅಂದರೆ ನಳಿಗೆಯ ಬುಡದಲ್ಲಿ ತೋಟೆ ಕೂರುವ ಜಾಗ, ಎಷ್ಟು ಉದ್ದ ಅಂತ ನೋಡಿ. ಆಮೇಲೆ ಆ ತೋಟೆ ಒಂದು ಮಳೆಗಾಲ ತಡೆಯುತ್ತಾ ಅಂತ ನೋಡಿ.

ನನ್ನದು ಅಜ್ಜನ ಕಾಲದ ಜೋಡು ನಳಿಗೆ, ಇಂಗ್ಲೆಂಡಿನಲ್ಲಿ ಮಾಡಿದ್ದು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್. ಅಡಿಕೆ ತೋಟಕ್ಕೆ ಮಂಗ, ಗದ್ದೆಗೆ ಹಂದಿ ಬಂದಾಗ ಸದ್ದು ಮಾಡಿ ಓಡಿಸುವುದಷ್ಟೇ ಅದರ ಕೆಲಸ. 1972ರ ವನ್ಯಜೀವಿ ಕಾಯ್ದೆ ಇದೆ, ಶಿಕಾರಿ ಲೆಕ್ಕದಲ್ಲಿ ಇದನ್ನು ಓದಬೇಡಿ.

ಹನ್ನೆರಡು ಬೋರಿನ ತೋಟೆ ನಮ್ಮಲ್ಲಿ ಮುಖ್ಯವಾಗಿ ಎರಡು ಉದ್ದದಲ್ಲಿ ಸಿಗುತ್ತದೆ, 65 ಮತ್ತು 70 ಮಿಲಿಮೀಟರ್. ಇಲ್ಲೇ ಒಂದು ಕಿತಾಪತಿ ಇದೆ. ಈ ಅಳತೆ ಹೊಡೆದ ಮೇಲೆ ಬಾಯಿ ಬಿಚ್ಚಿದ ಖಾಲಿ ತೋಟೆಯದು. ಹೊಸ ತೋಟೆಯ ಬಾಯಿ ಒಳಗೆ ಮಡಚಿರುವುದರಿಂದ ಅದು ಗಿಡ್ಡಕ್ಕಿರುತ್ತದೆ. ಹಾಗಾಗಿ 65ರ ಚೇಂಬರಿಗೆ 70ರ ತೋಟೆ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ, ಏನೂ ತಕರಾರಿಲ್ಲ. ಹೊಡೆದಾಗ ಮಾತ್ರ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲುವುದಿಲ್ಲ. ಬಾಯಿ ಹೋಗಿ ನಳಿಗೆ ಕಿರಿದಾಗುವ ಕಡೆ ಸಿಕ್ಕಿಕೊಂಡು ಒಳಗಿನ ಒತ್ತಡ ಏರುತ್ತದೆ. ಹಳೇ ಕೋವಿಗೆ ಇದು ಒಳ್ಳೇದಲ್ಲ. ನಳಿಗೆ ಬಿಚ್ಚಿ ಕೆಳಗಡೆ ಬುಡದಲ್ಲಿರುವ ಮುದ್ರೆ ನೋಡಿ. ನನ್ನದರಲ್ಲಿ ಎರಡೂವರೆ ಇಂಚು ಅಂತ ಕೊರೆದಿದೆ, ಅಂದರೆ 65. ಎರಡೂ ಮುಕ್ಕಾಲು ಅಂತಿದ್ದರೆ 70. ಮುದ್ರೆ ಸವೆದಿದ್ದರೆ ಗೊತ್ತಿದ್ದವರ ಹತ್ತಿರ ಅಳೆಸಿ. ಕೂತಿತು ಅಂತ ಸುಮ್ನೆ ಹೊಡೆಯಬೇಡಿ.

ನಾನು ಜಾಸ್ತಿ ಬಳಸಿದ್ದು ಸರ್ಕಾರಿ ಕಾರ್ಖಾನೆಯ ಶಕ್ತಿಮಾನ್. ಆರ್ಡ್‌ನನ್ಸ್ ಕಾರ್ಖಾನೆಗಳನ್ನು 2021ರಲ್ಲಿ ಕಂಪನಿಗಳಾಗಿ ಒಡೆದ ಮೇಲೆ ಮದ್ದುಗುಂಡಿನ ಕಾರ್ಖಾನೆಗಳು ಮ್ಯೂನಿಷನ್ಸ್ ಇಂಡಿಯಾ ಅನ್ನುವ ಹೆಸರಿಗೆ ಬಂದಿವೆ. 65ರದ್ದು ನನ್ನ ಕೋವಿಯಲ್ಲಿ ಚೆನ್ನಾಗಿ ನಡೆದಿದೆ. ಹೆಗಲಿಗೆ ಒದೆತ ಹದ, ಖಾಲಿ ತೋಟೆ ಸಿಕ್ಕಿಕೊಳ್ಳದೆ ಬರುತ್ತದೆ. ಇದರ ಬಗ್ಗೆ ನನಗೆ ಹೇಳಿಕೊಳ್ಳುವಂಥ ದೂರಿಲ್ಲ.

ದೂರು ಇರುವುದು ಮಳೆಯ ಮೇಲೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ. ಜುಲೈ ತಿಂಗಳಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು. ಮೊದಲು ಬರುತ್ತಿದ್ದ ಕಾಗದದ ತೋಟೆಗಳು ಈ ಥಂಡಿಗೆ ಊದಿಕೊಳ್ಳುತ್ತಿದ್ದವು. ಅರ್ಧ ಒಳಗೆ ಹೋಗಿ ನಿಲ್ಲುತ್ತಿದ್ದವು, ಹೆಬ್ಬೆರಳಲ್ಲಿ ಒತ್ತಿದರೂ ಕೂರುತ್ತಿರಲಿಲ್ಲ. ಅಷ್ಟರಲ್ಲಿ ಮಂಗಗಳು ಆಚೆ ತೋಟಕ್ಕೆ ದಾಟಿ ಆಗಿರುತ್ತಿತ್ತು! ಪ್ಲಾಸ್ಟಿಕ್ ತೋಟೆಗೆ ಆ ಕಷ್ಟವಿಲ್ಲ. ಆದರೆ ಅದರ ಲೋಹದ ಬುಡಕ್ಕೆ ತುಕ್ಕು ಹಿಡಿಯುತ್ತದೆ, ಬುಡದ ನಡುವೆ ಕಿಡಿ ಹೊತ್ತಿಸುವ ಕೇಪಿನ ಸುತ್ತ ಹಸಿರು ಕಿಲುಬು ಕಟ್ಟುತ್ತದೆ. ಒಂದು ಅಂಗಡಿಯವರು ನನಗೆ ಹೊಸದು ಅಂತ ಕೊಟ್ಟ ಪೆಟ್ಟಿಗೆಯಲ್ಲಿ ಇಂಥವೇ ಇದ್ದವು. ಆಗಿನಿಂದ ಅಲ್ಲೇ ಪೆಟ್ಟಿಗೆ ಬಿಚ್ಚಿ ಒಂದೊಂದರ ಬುಡಕ್ಕೂ ಉಗುರು ಸವರಿ ನೋಡುತ್ತೇನೆ. ಅವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಮನೆಯಲ್ಲಿ ಇಡುವುದು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ, ಮೇಲೆ ಬೀಗ. ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿರುತ್ತೆ ಅಂತ ಇಡುವವರಿದ್ದಾರೆ. ಬೇಡ. ಕಾವು ತಗುಲಿ ತಗುಲಿ ಒಳಗಿನ ಮದ್ದು ಕೆಡುತ್ತದೆ. ಕುದುರೆ (ಟ್ರಿಗರ್) ಎಳೆದಾಗ ಈಡು ಹಾರದಿದ್ದರೆ ತಕ್ಷಣ ಕೋವಿ ಬಿಚ್ಚಬೇಡಿ. ತಡವಾಗಿ ಹಾರುವುದೂ ಉಂಟು. ನಳಿಗೆ ಬಯಲಿನ ಕಡೆಗೇ ಇರಲಿ, ಕನಿಷ್ಠ 30 ಸೆಕೆಂಡ್ ಕಾಯಿರಿ.

ಇನ್ನು ಚರೆಯ, ಅಂದರೆ ತೋಟೆಯೊಳಗಿನ ಸಣ್ಣ ಗುಂಡುಗಳ ವಿಷಯ. ಸದ್ದಿಗೆ 6ನೇ ನಂಬರ್ ಧಾರಾಳ ಸಾಕು. ಒಂದೊಂದು ಚರೆ 2.6 ಮಿಲಿಮೀಟರ್, ಒಂದು ಔನ್ಸಿಗೆ 270ರಷ್ಟು. ಸುಮಾರು 200 ಮೀಟರ್ ಹೋಗುವಷ್ಟರಲ್ಲಿ ಅದರ ಕಸುವು ಮುಗಿದಿರುತ್ತದೆ. ದೊಡ್ಡ ಗುಂಡಿನ ಎಲ್‌ಜಿ ತೋಟೆ ಹಾಗಲ್ಲ. ಔನ್ಸಿಗೆ ಆರೇ ಗುಂಡು, ಆರೇಳು ನೂರು ಮೀಟರ್ ಹೋಗಬಲ್ಲದು. ನಮ್ಮ ತೋಟಗಳ ಆಚೆ ಗುಡ್ಡದಲ್ಲಿ ಮನೆ, ದನ, ಸೊಪ್ಪಿಗೆ ಹೋದವರು ಎಲ್ಲಾ ಇರುತ್ತಾರೆ, ಅಲ್ವಾ? ಫೋನಿನಲ್ಲಿ ಅಮೆರಿಕದವರು ಬಯಲಲ್ಲಿ ದೂರಕ್ಕೆ ರೈಫಲ್ ಹೊಡೆಯುವುದನ್ನು ನೋಡಿದ ನಮ್ಮ ಭಾವ "ನಾವೂ ಒಂದು ರೈಫಲ್ ಲೈಸೆನ್ಸ್ ಮಾಡಿಸೋಣವಾ?" ಅಂತ ಕೇಳಿದ್ದರು. ಅದರ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತೆ ಭಾವ, ಇಲ್ಲಿ ಎಲ್ಲಿ ಹೋಗಿ ಬೀಳುತ್ತೆ ಅಂತ ಯಾರಿಗೆ ಕಾಣುತ್ತೆ ಅಂದೆ. ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ಬೇಜಾರು ಉಳಿದೇ ಇದೆ. ಈಗಿನ ಎಷ್ಟೋ ತೋಟೆಗಳಲ್ಲಿ ಮದ್ದಿಗೂ ಚರೆಗೂ ನಡುವೆ ಇರುವ ವ್ಯಾಡ್ ಪ್ಲಾಸ್ಟಿಕ್ಕಿನದು. ಹೊಡೆದಾಗೆಲ್ಲ ಒಂದು ಸಣ್ಣ ಬಟ್ಟಲು ತೋಟಕ್ಕೆ ಬೀಳುತ್ತದೆ. ಕೊಳೆಯುವುದಿಲ್ಲ, ದನ ಬಾಯಿ ಹಾಕುತ್ತದೆ. ಒತ್ತಿ ಮಾಡಿದ ನಾರಿನ, ಫೆಲ್ಟಿನದಾದರೆ ಕ್ರಮೇಣ ಮಣ್ಣಾಗುತ್ತದೆ. ಹಾಗಾಗಿ ಒಂದೇ ರೇಟಿಗೆ ಎರಡೂ ಇದ್ದರೆ ನಾನು ಫೆಲ್ಟಿನದನ್ನೇ ತಗೊಳ್ಳುತ್ತೇನೆ, ಅದೂ ಒಂದು ವರ್ಷಕ್ಕೆ ಬೇಕಾಗುವಷ್ಟು ಮಾತ್ರ. ಲೈಸೆನ್ಸ್ ಪುಸ್ತಕದಲ್ಲಿ ಜಾಸ್ತಿಗೆ ಅವಕಾಶ ಇದ್ದರೂ ಇನ್ನೊಂದು ಮಳೆಗಾಲಕ್ಕೆ ಅಂತ ಕೂಡಿಡುವುದಿಲ್ಲ.