ಮೀಟರ್‌ನಲ್ಲಿ 21, ಬಂಕಿನಲ್ಲಿ 16: ರೀಮ್ಯಾಪ್ ಮಾಡಿಸಿ ಟರ್ಬೊ ಕಳೆದುಕೊಂಡೆ

ರೀಮ್ಯಾಪ್ ಮಾಡಿ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದಿ, ಕಾರಿನ ಮೈಲೇಜ್ ಜಾಸ್ತಿ ಮಾಡಿಕೊಡ್ತೀವಿ ಅಂತ ಯಾರಾದರೂ ಲ್ಯಾಪ್‌ಟಾಪ್ ಹಿಡಿದು ಬಂದರೆ, ದುಡ್ಡು ಕೊಡುವ ಮುಂಚೆ ಇದನ್ನು ಓದಿ.

ನಮ್ಮದು ಹಾಸನ. ಕೆಲಸದ ಮೇಲೆ ವಾರಕ್ಕೊಮ್ಮೆ ಮಂಗಳೂರಿಗೆ ಹೋಗಲೇಬೇಕು. ಹೋಗಿ ಬಂದರೆ ಹತ್ತಿರ ಹತ್ತಿರ 340 ಕಿಲೋಮೀಟರ್, ನಡುವೆ ಶಿರಾಡಿ ಘಾಟ್. ಕಾರು 1.5 ಲೀಟರ್ ಟರ್ಬೊ ಡೀಸೆಲ್, ಬಿಎಸ್6. ವಾರಂಟಿ ಇನ್ನೂ ಒಂದು ವರ್ಷ ಬಾಕಿ ಇತ್ತು. ಲೀಟರಿಗೆ 17 ಕೊಡುತ್ತಿತ್ತು, ಏನೂ ತೊಂದರೆ ಇರಲಿಲ್ಲ. ಆದರೂ ಡೀಸೆಲ್ ಖರ್ಚು ನೋಡಿ ನೋಡಿ ಬೇಜಾರಾಗಿತ್ತು.

ಬೆಂಗಳೂರಿನ ಒಂದು ಟ್ಯೂನಿಂಗ್ ಅಂಗಡಿಯವರು 22,000 ಕೇಳಿದರು. ‘ಸಾರ್, 3 ಕಿಲೋಮೀಟರ್ ಪಕ್ಕಾ ಜಾಸ್ತಿ ಬರುತ್ತೆ, ಪಿಕಪ್ಪೂ ಬರುತ್ತೆ’ ಎಂದರು. ವಾರಂಟಿ ಹೋಗಲ್ವಾ ಎಂದು ಕೇಳಿದೆ. ‘ಸರ್ವಿಸ್‌ಗೆ ಬಿಡೋ ಮುಂಚೆ ಬನ್ನಿ, ಹಳೇ ಫೈಲ್ ವಾಪಸ್ ಹಾಕಿಕೊಡ್ತೀವಿ, ಯಾರಿಗೂ ಗೊತ್ತಾಗಲ್ಲ’ ಎಂದರು. ಆ ಮಾತು ಕೇಳಿದಾಗಲೇ ನಾನು ಎದ್ದು ಬರಬೇಕಿತ್ತು.

ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು. ಬೆಂಗಳೂರಿನಿಂದ ಹಾಸನಕ್ಕೆ ಬರುವಾಗ ಮೀಟರ್ 21.4 ತೋರಿಸಿತು. ಎಷ್ಟು ಖುಷಿಯಾಗಿತ್ತೆಂದರೆ ಫೋಟೋ ತೆಗೆದು ಸ್ನೇಹಿತರಿಗೆಲ್ಲ ಕಳಿಸಿದೆ. ಅದನ್ನು ನೋಡಿ ಇನ್ನಿಬ್ಬರು ವಿಳಾಸ ಕೇಳಿದರು. ಈ ಬರಹ ಮೊದಲು ಅವರಿಗಾಗಿ.

ಮೊದಲ ಅನುಮಾನ ಬಂದಿದ್ದು ಬಂಕಿನಲ್ಲಿ. ಫುಲ್ ಟ್ಯಾಂಕ್ ಮಾಡಿಸಿ 652 ಕಿಲೋಮೀಟರ್ ಓಡಿಸಿದ್ದೆ. ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿದರೆ 40 ಲೀಟರ್ ಹಿಡಿಯಿತು. ಅಂದರೆ ಲೀಟರಿಗೆ ಬರೀ 16 ಚಿಲ್ಲರೆ. ಮೀಟರ್ ಮಾತ್ರ 21 ಬಿಟ್ಟು ಇಳಿದಿರಲಿಲ್ಲ.

ಇದು ಹೇಗೆ ಎಂದು ಹಾಸನದ ನಮ್ಮ ಮೆಕ್ಯಾನಿಕ್ ಅಣ್ಣ ಬಿಡಿಸಿ ಹೇಳಿದರು. ಕಾರಿನಲ್ಲಿ ಖರ್ಚಾದ ಡೀಸೆಲ್ ಅಳೆಯಲು ಬೇರೆ ಮಾಪಕ ಇರುವುದಿಲ್ಲ. ಇಂಜೆಕ್ಟರ್‌ಗೆ ಎಷ್ಟು ಡೀಸೆಲ್ ಬಿಡು ಎಂದು ತಾನೇ ಹೇಳಿದೆಯೋ, ಅದನ್ನು ಕೂಡಿಸಿ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಮೈಲೇಜ್ ತೋರಿಸುತ್ತದೆ. ರೀಮ್ಯಾಪ್‌ನಲ್ಲಿ ತಿದ್ದುವುದು ಇದೇ ಇಸಿಯು ಒಳಗಿನ ಲೆಕ್ಕವನ್ನು. ರೇಲ್ ಪ್ರೆಶರ್ (ಇಂಜೆಕ್ಟರ್‌ಗೆ ಬರುವ ಡೀಸೆಲ್‌ನ ಒತ್ತಡ) ಏರಿಸಿದರೆ ಅಥವಾ ಇಂಜೆಕ್ಟರ್ ತೆರೆದಿರುವ ಹೊತ್ತು ಹೆಚ್ಚಿಸಿದರೆ ಒಳಗೆ ಹೋಗುವ ಡೀಸೆಲ್ ಜಾಸ್ತಿ, ಆದರೆ ಲೆಕ್ಕಕ್ಕೆ ಸಿಗುವುದು ಕಡಿಮೆ. ಹಾಗಾಗಿ ರೀಮ್ಯಾಪ್ ಆದ ಕಾರಿನ ಮೀಟರ್ ನಂಬಲೇಬೇಡಿ. ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ, ಆಟೋ ಕಟ್ ಆದ ತಕ್ಷಣ ನಿಲ್ಲಿಸಿ, ಮೂರು ನಾಲ್ಕು ಸಲ ಬರೆದಿಟ್ಟು ನೋಡಿ.

ಮೈಲೇಜ್ ಬರದಿದ್ದರೆ ಹೋಗಲಿ ಎಂದು ಸುಮ್ಮನಾಗಬಹುದಿತ್ತು. ಆದರೆ ಎರಡನೇ ತಿಂಗಳಿಗೆ ಬೇರೆ ಲಕ್ಷಣ ಶುರುವಾಯಿತು. ಕಾರು ನಿಂತಿದ್ದಾಗಲೂ ಆರ್‌ಪಿಎಂ ಸಾವಿರದ ಹತ್ತಿರ ಇರುತ್ತಿತ್ತು. ಇಂಜಿನ್ ಆಫ್ ಮಾಡಿದ ಮೇಲೂ ಫ್ಯಾನ್ ಗುಯ್ ಎಂದು ತಿರುಗುತ್ತಿತ್ತು. ಸುಟ್ಟ ವಾಸನೆ ಬೇರೆ. ಇದು ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ತನ್ನೊಳಗಿನ ಮಸಿ ಸುಟ್ಟುಕೊಳ್ಳುವ ಲಕ್ಷಣ. 2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ಲೈನಿನಲ್ಲಿ ಈ ಫಿಲ್ಟರ್ ಕೂತಿದೆ. ಮೊದಲೆಲ್ಲ ನನಗೆ ಮಸಿ ಸುಡುವುದು ಗೊತ್ತೇ ಆಗುತ್ತಿರಲಿಲ್ಲ. ಈಗ ವಾರಕ್ಕೆ ಎರಡು ಮೂರು ಸಲ ಆಗುತ್ತಿತ್ತು.

ಕಡಿಮೆ ಆರ್‌ಪಿಎಂನಲ್ಲೇ ಎಳೆತ ಬರಲಿ ಎಂದು ಟ್ಯೂನಿಂಗ್ ಅಂಗಡಿಯವರು ಅಲ್ಲಿ ಡೀಸೆಲ್ ಜಾಸ್ತಿ ಬಿಟ್ಟಿದ್ದರು. ಗಾಳಿ ಸಾಲದೆ ಅದು ಮಸಿಯಾಗುತ್ತಿತ್ತು. ಆ ಮಸಿ ಸುಡಲು ಇಂಜಿನ್ ಮತ್ತೆ ಡೀಸೆಲ್ ಚಿಮ್ಮಿಸುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ಪಕ್ಕದಿಂದ ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಅಣ್ಣ ನನ್ನೆದುರೇ ಡಿಪ್‌ಸ್ಟಿಕ್ ಎಳೆದರು. ಆಯಿಲ್ ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಮೇಲಿತ್ತು! ಕಡಿಮೆಯಾಗಬೇಕಾದ ಆಯಿಲ್ ಹೆಚ್ಚಾಗಿದೆ. ಬೆರಳಿನ ನಡುವೆ ಉಜ್ಜಿದರೆ ನೀರು ನೀರು, ಮೂಗಿನ ಹತ್ತಿರ ತಂದರೆ ಡೀಸೆಲ್ ವಾಸನೆ.

ಆಯಿಲ್ ಬದಲಾಯಿಸಿದೆವು, ಆದರೆ ಅಷ್ಟರಲ್ಲಿ ತಡವಾಗಿತ್ತು. ಇಂಜಿನ್‌ಗೆ ಗಾಳಿ ತುಂಬುವ ಟರ್ಬೊದ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಅದನ್ನು ಹಿಡಿದಿರುವುದು ಆಯಿಲ್‌ನ ಒಂದು ತೆಳು ಪದರ. ತೆಳುವಾದ ಆಯಿಲ್‌ನಲ್ಲಿ ಅಷ್ಟು ದಿನ ಓಡಿದ ಬೇರಿಂಗ್ ಸವೆದುಹೋಗಿತ್ತು.

ಜುಲೈ ಮಳೆ, ರಾತ್ರಿ ಎಂಟೂವರೆ, ಮಂಗಳೂರಿನಿಂದ ವಾಪಸ್. ಗುಂಡ್ಯ ದಾಟಿ ಘಾಟ್ ಹತ್ತುತ್ತಿದ್ದೆವು. ಹಿಂದೆ ಅಮ್ಮ, ಪಕ್ಕದಲ್ಲಿ ಹೆಂಡತಿ. ಬಾನೆಟ್ ಒಳಗಿಂದ ಸೀಟಿ ಹೊಡೆದ ಹಾಗೆ ಸದ್ದು ಬಂತು, ಹಿಂದೆಲ್ಲ ನೀಲಿ ಹೊಗೆ, ಮರುಕ್ಷಣ ಎಳೆತವೇ ಇಲ್ಲ. ಲಿಂಪ್ ಮೋಡ್, ಅಂದರೆ ಇಂಜಿನ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ಶಕ್ತಿ ಇಳಿಸಿಕೊಂಡಿತ್ತು. ಹಿಂದಿನಿಂದ ಟ್ಯಾಂಕರ್ ಹಾರ್ನ್ ಮಾಡುತ್ತಿತ್ತು. ಪಕ್ಕಕ್ಕೆ ತೆಗೆದುಕೊಳ್ಳಲು ಜಾಗ ಸಿಗುವವರೆಗಿನ ಆ ಎರಡು ನಿಮಿಷ ಈಗ ನೆನೆದರೂ ಕೈ ನಡುಗುತ್ತದೆ. ಅಮ್ಮ ಒಂದೂ ಮಾತಾಡಲಿಲ್ಲ, ಸೀಟ್ ಗಟ್ಟಿಯಾಗಿ ಹಿಡಿದು ಕೂತಿದ್ದರು.

ಸರ್ವಿಸ್ ಸೆಂಟರ್‌ನವರು ಸ್ಕ್ಯಾನರ್ ಹಾಕಿದ ಹತ್ತೇ ನಿಮಿಷಕ್ಕೆ, ಇದು ಕಂಪನಿ ಸಾಫ್ಟ್‌ವೇರ್ ಅಲ್ಲ ಸರ್ ಎಂದರು. ವಾರಂಟಿ ಅಲ್ಲಿಗೆ ಮುಗಿಯಿತು. ಟರ್ಬೊ, ಡಿಪಿಎಫ್ ಕ್ಲೀನಿಂಗ್, ಹಳೇ ಸಾಫ್ಟ್‌ವೇರ್ ಎಲ್ಲ ಸೇರಿ 94,000 ಆಯಿತು. ಟ್ಯೂನಿಂಗ್ ಅಂಗಡಿಯವರು ಎರಡು ಸಲ ಫೋನ್ ಎತ್ತಿದರು, ಮೂರನೇ ಸಲದಿಂದ ಎತ್ತಲೇ ಇಲ್ಲ. ಎತ್ತಿದಾಗ ಕೊಟ್ಟ ಸಲಹೆ, ಡಿಪಿಎಫ್ ಕಿತ್ತು ಖಾಲಿ ಪೈಪ್ ಹಾಕಿಸಿ ಅಂತ. ಆ ಹೊಗೆಯನ್ನು ಕುಡಿಯುವವರು ನಮ್ಮೂರ ಜನ ಅಲ್ವಾ? ನಾನು ಒಪ್ಪಲಿಲ್ಲ, ನೀವೂ ಒಪ್ಪಬೇಡಿ.

ಆಮೇಲೆ ಕೂತು ಲೆಕ್ಕ ಹಾಕಿದೆ. ತಿಂಗಳಿಗೆ 1,500 ಕಿಲೋಮೀಟರ್ ಓಡಿಸುವ ನನಗೆ ನಿಜವಾಗಿ 17ರಿಂದ 20ಕ್ಕೆ ಏರಿದ್ದರೂ ಉಳಿಯುತ್ತಿದ್ದದ್ದು 13 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ 1,200ರೊಳಗೆ. ಹಾಕಿದ 22,000 ವಾಪಸ್ ಬರಲಿಕ್ಕೇ ಒಂದೂವರೆ ವರ್ಷ ಬೇಕಿತ್ತು. ಈಗ ಟೈರಿಗೆ ಸರಿಯಾಗಿ ಗಾಳಿ ಹಾಕಿಸಿ, ಹೈವೇಯಲ್ಲಿ 80 ದಾಟದೆ ಓಡಿಸುತ್ತಿದ್ದೇನೆ. ಬಂಕಿನ ಲೆಕ್ಕದಲ್ಲೇ 18.5 ಬರುತ್ತಿದೆ.

ಈಗಾಗಲೇ ರೀಮ್ಯಾಪ್ ಮಾಡಿಸಿದವರು ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮ್ಯಾಕ್ಸ್ ಗೆರೆ ದಾಟಿದ್ದರೆ ಅಥವಾ ಡೀಸೆಲ್ ವಾಸನೆ ಬಂದರೆ ಅವತ್ತೇ ಗ್ಯಾರೇಜಿಗೆ ತೋರಿಸಿ. ಅಲ್ಲಿಯವರೆಗೆ ಘಾಟ್ ಕಡೆ ಹೋಗಬೇಡಿ.