ನಡುಕದ ಕ್ಲಿನಿಕ್‌ಗೆ ಹೋಗಿದ್ವಿ, ಅಡಿಕೆ ಬಗ್ಗೆ ಕೇಳಿದ ಡಾಕ್ಟರ್ ಸಿಕ್ರು

ಕೈ ನಡುಕ, ಮೈ ಬಿಗಿತ, ನಡಿಗೆ ತೊಂದ್ರೆ ಇರೋರಿಗೆ ಅಂತಲೇ ಇರೋ ಮೂವ್‌ಮೆಂಟ್ ಡಿಸಾರ್ಡರ್ ಕ್ಲಿನಿಕ್ ಇದು. ನಮ್ಮ ಚಿಕ್ಕಪ್ಪಂಗೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆಗೆ ವರ್ಷಗಟ್ಲೆಯಿಂದ ಇಂಜೆಕ್ಷನ್ ನಡೀತಿದೆ, ಅದರಿಂದ ಮೈ ಬಿಗಿದ್ಕೊಳ್ದೇ ಇರ್ಲಿ ಅಂತ ಟ್ರೈಹೆಕ್ಸಿಫೆನಿಡಿಲ್ ಮಾತ್ರೆನೂ ಇದೆ, ಆದ್ರೂ ಈಚೆಗೆ ದವಡೆ ನಡುಗೋದು, ಕಾಲು ಎಳ್ಕೊಂಡು ನಡೆಯೋದು ಜಾಸ್ತಿ ಆಗಿತ್ತು. ಬೇರೆ ಕಡೆ ತೋರಿಸಿದಾಗೆಲ್ಲ ಡೋಸ್ ಏರಿಸಿ ಕಳಿಸ್ತಿದ್ರು ಅಷ್ಟೇ.

ಇಲ್ಲಿ ಡಾಕ್ಟರ್ ಮೊದಲು ನಡೆಸಿ ನೋಡಿದ್ರು, ಬೆರಳು ತಟ್ಟಿಸಿದ್ರು, ಮಣಿಕಟ್ಟು ತಿರುಗಿಸಿ ಬಿಗಿತ ನೋಡಿದ್ರು, ಆಮೇಲೆ "ಯಜಮಾನ್ರೇ, ಅಡಿಕೆ ಹಾಕ್ಕೊಳ್ತೀರಾ?" ಅಂದ್ರು. ಚಿಕ್ಕಪ್ಪ "ಬಾಯಿ ಖಾಲಿ ಇರೋದೇ ಇಲ್ಲ ಸಾರ್" ಅಂದ್ರು. ಈ ಒಂದು ಪ್ರಶ್ನೆಗೇ ನಾನು ಈ ರಿವ್ಯೂ ಬರೀತಿರೋದು, ಯಾಕಂದ್ರೆ ಅಲ್ಲಿವರೆಗೂ ಇದನ್ನ ಯಾರೂ ಕೇಳಿರ್ಲಿಲ್ಲ.

ಅವ್ರು ವಿವರಿಸಿದ್ದು ಹೀಗೆ. ಇಂಜೆಕ್ಷನ್ ಮೆದುಳಲ್ಲಿ ಡೋಪಮೈನ್ ಅನ್ನೋ ರಾಸಾಯನಿಕದ ಕೆಲಸ ತಡೆಯುತ್ತೆ, ಆಗ ಅಸಿಟೈಲ್‌ಕೋಲಿನ್ ಅನ್ನೋ ಇನ್ನೊಂದು ರಾಸಾಯನಿಕದ ಕೈ ಮೇಲಾಗಿ ಮೈ ಬಿಗಿಯುತ್ತೆ, ಅದನ್ನ ತಗ್ಗಿಸೋಕೆ ಆ ಮಾತ್ರೆ. ಆದ್ರೆ ಅಡಿಕೆಯಲ್ಲಿರೋ ಅರೆಕೋಲಿನ್ ಥೇಟ್ ಅಸಿಟೈಲ್‌ಕೋಲಿನ್ ಥರಾನೇ ಕೆಲಸ ಮಾಡುತ್ತೆ, ಹಾಗಾಗಿ ಮಾತ್ರೆ ಒಂದ್ಕಡೆ ಎಳೆದ್ರೆ ಅಡಿಕೆ ಇನ್ನೊಂದ್ಕಡೆ ಎಳೆಯುತ್ತೆ. 1989ರಲ್ಲೇ ಇಂಥ ಔಷಧಿ ತಗೊಳ್ತಿದ್ದ ಇಬ್ಬರಿಗೆ ಅಡಿಕೆ ಜಗಿದು ಬಿಗಿತ, ನಡುಕ ಜೋರಾಗಿದ್ದು ವರದಿಯಾಗಿದೆಯಂತೆ. ಹಾಗಂತ ಎಲ್ಲರಿಗೂ ಹೀಗೇ ಆಗುತ್ತೆ ಅಂತ ಅವ್ರು ಹೆದರಿಸ್ಲಿಲ್ಲ, ಪೆಸಿಫಿಕ್ ಸಾಗರದ ಪಲಾವ್ ದ್ವೀಪದಲ್ಲಿ ಸ್ಕಿಜೋಫ್ರೇನಿಯಾ ಇರೋರನ್ನ ನೋಡಿದಾಗ ಅಡಿಕೆ ಜಗಿಯೋರಿಗೂ ಜಗಿಯದೇ ಇರೋರಿಗೂ ಬಿಗಿತ, ನಡುಕದಲ್ಲಿ ಇಂಥ ವ್ಯತ್ಯಾಸ ಕಾಣ್ಲಿಲ್ಲ ಅಂತಾನೂ ಹೇಳಿದ್ರು. ನಂಗೆ ನಂಬಿಕೆ ಬಂದಿದ್ದೇ ಆ ಮಾತಿಂದ.

ಇಂಜೆಕ್ಷನ್ ಮಾತ್ರ ನೀವಾಗೇ ನಿಲ್ಲಿಸಬೇಡಿ ಅಂತ ಎರಡೆರಡು ಸಲ ಹೇಳಿದ್ರು, ಡೋಸ್ ಮುಟ್ಲೇ ಇಲ್ಲ, ಮೊದಲು ಅಡಿಕೆ ಬಿಟ್ಟು ನೋಡೋಣ ಅಂದ್ರು. ಬಾಯಿ ಕ್ಯಾನ್ಸರ್ ಭಯಕ್ಕೂ ಬಿಡ್ಬೇಕಾಗಿದ್ದೇ, ಹೊಗೆಸೊಪ್ಪು ಇಲ್ದಿದ್ರೂ ಬರೀ ಅಡಿಕೆನೇ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರ ವರದಿಯಲ್ಲೇ ಹೇಳಿದೆ. ಈಗ ದವಡೆ ನಡುಕ ಇಳಿದಿದೆ, ನಡಿಗೆ ಇನ್ನೂ ಪೂರ್ತಿ ಸರಿಯಾಗಿಲ್ಲ.

ಬೇಜಾರು ಅಂದ್ರೆ ಕಾಯೋದು, ಬಿಗಿತ ಇರೋರು ಅಷ್ಟೊತ್ತು ಗಟ್ಟಿ ಕುರ್ಚಿ ಮೇಲೆ ಕೂರೋದು ಕಷ್ಟ, ಕೊಟ್ಟ ಸಲಹೆ ಚೀಟಿನೂ ಬರೀ ಇಂಗ್ಲಿಷಲ್ಲಿತ್ತು. ಐದಕ್ಕೆ ನಾಲ್ಕು. ಹೋಗೋರು ಮಾತ್ರೆ ಚೀಟಿ ಜೊತೆ ಬಾಯಿಗೆ ಹಾಕ್ಕೊಳ್ಳೋ ಪೊಟ್ಟಣಾನೂ ತಗೊಂಡ್ಹೋಗಿ, ಅದರಲ್ಲಿ ಏನೇನಿದೆ ಅಂತ ಓದಿ ನೋಡ್ತಾರೆ.